ಕೊಲೆಯೂ ಕುಟುಂಬವೂ

ಜನಪ್ರಿಯ ಕಾದಂಬರಿಗಳನ್ನು ಓದುವವರ ವಿಷಯದಲ್ಲಿ ಪಂಡಿತರಿಗೆ ಒಂದು ಬಗೆಯ ಕನಿಕರ. ಊಟಕ್ಕೆ ಮೊದಲೇ ಚುರುಮುರಿ ತಿಂದು ಹೊಟ್ಟೆ ತುಂಬಿಸಿಕೊಂಡ ಮಕ್ಕಳನ್ನು ಹಿರಿಯರು ನೋಡುವ ಹಾಗೆ ಅವರು ಇವರನ್ನು ನೋಡುವುದುಂಟು. ಆದರೆ ಮೈಸೂರಿನ ಸರಸ್ವತಿಪುರದಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ಇಂಥ ಕನಿಕರದ ಅಗತ್ಯ ಎಂದೂ ತೋರಿದ್ದಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗಿಯರಿಗೆ ಗಣಿತ ಕಲಿಸಿದ ಕೈ ಅದು. ಪುಸ್ತಕ ಮುಗಿದೊಡನೆ ಕಡೆಯ ಪುಟದಲ್ಲಿ ಪೆನ್ಸಿಲಿನಿಂದ ನೂರಕ್ಕೆ ಇಷ್ಟೆಂದು ಅಂಕ ಹಾಕುವುದು ಆಕೆಯ ವಾಡಿಕೆ. ಅಂಕ ಕಳೆದದ್ದು ಎಲ್ಲೆಲ್ಲಿ ಎಂಬುದಕ್ಕೂ ಪುಟದ ಅಂಚಿನಲ್ಲಿ ಲೆಕ್ಕವಿರುತ್ತದೆ.

ಈ ಅಭ್ಯಾಸದ ಮೂಲ ಬಾಲ್ಯದಲ್ಲಿದೆ. ದಿನಕ್ಕೆ ಕೆಲವೇ ಪೈಸೆ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದ ಕಾಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ರೇಖಾಗಣಿತದ ಪುಸ್ತಕದೊಳಗೆ ಅಡಗಿ ಮನೆಗೆ ಬರುತ್ತಿದ್ದ. ತಾಯಿ ಓದುತ್ತಿದ್ದುದು ತ್ರಿವೇಣಿ ಮತ್ತು ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು. ಒಂದೇ ದೀಪದ ಕೆಳಗೆ ಒಬ್ಬರು ಕೊಲೆಗಾರನನ್ನು ಹುಡುಕುತ್ತಿದ್ದರೆ, ಇನ್ನೊಬ್ಬರು ಸೊಸೆಯ ಕಣ್ಣೀರಿನಲ್ಲಿ ಮುಳುಗಿರುತ್ತಿದ್ದರು. ಮುಂದೆ ಸಂಬಳ ಬರತೊಡಗಿದ ಮೇಲೆ ಆಕೆ ಎರಡು ಬಗೆಯನ್ನೂ ಓದಿದರು. ನಿವೃತ್ತಿಯ ನಂತರ ಇಂಗ್ಲಿಷಿನಲ್ಲಿ ಹೊಸದಾಗಿ ಬರುತ್ತಿರುವುದನ್ನೂ ತರಿಸಿಕೊಂಡು ಓದುತ್ತಾರೆ.

ಮೊದಲು ಕೊಲೆಯ ವಿಷಯ. ರಕ್ತವನ್ನು ಕಣ್ಣಿಗೆ ಬೀಳದಂತೆ ಒರೆಸಿಟ್ಟು, ಚಹಾದ ಬಟ್ಟಲಿನ ಪಕ್ಕದಲ್ಲಿಯೇ ಹೆಣವನ್ನು ಕೆಡವುವ ಒಂದು ಜಾತಿಯ ಪತ್ತೇದಾರಿ ಕಥೆಯಿದೆ. ಊರು ಚಿಕ್ಕದು; ಎಲ್ಲರಿಗೂ ಎಲ್ಲರ ಪರಿಚಯ; ಪತ್ತೆ ಮಾಡುವವರು ಪೋಲೀಸರಲ್ಲ, ನೆರೆಮನೆಯವರು. ಅಗಾಥಾ ಕ್ರಿಸ್ಟಿ 1930ರಲ್ಲಿ ಮಿಸ್ ಮಾರ್ಪಲ್ ಎಂಬ ವೃದ್ಧೆಯನ್ನು ಕಾದಂಬರಿಯೊಂದಕ್ಕೆ ಮೊದಲ ಬಾರಿಗೆ ತಂದಾಗ ಈ ಬಗೆಗೆ ಒಂದು ಸ್ಥಿರವಾದ ರೂಪ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ ಕ್ರಿಸ್ಟಿಗೆ ವಿಷಗಳ ಪ್ರಮಾಣ ಚೆನ್ನಾಗಿ ಗೊತ್ತಿತ್ತು. ಮಾರ್ಪಲ್‌ಗೆ ಗೊತ್ತಿದ್ದುದು ಮನುಷ್ಯರ ಪ್ರಮಾಣ. ಪಟ್ಟಣದ ಕೊಲೆಗಾರನನ್ನು ಕಂಡೊಡನೆ ಆಕೆಗೆ ತನ್ನ ಹಳ್ಳಿಯ ಯಾರೋ ಒಬ್ಬರ ಸಣ್ಣ ಮೋಸ ನೆನಪಾಗುತ್ತದೆ. ಶಾಲೆಯಲ್ಲಿ ನಕಲು ಮಾಡಿದ ಹುಡುಗಿಯರ ಮುಖಗಳನ್ನು ಓದಿ ಬಲ್ಲ ಮುಖ್ಯೋಪಾಧ್ಯಾಯಿನಿಗೆ ಇದು ಉತ್ಪ್ರೇಕ್ಷೆಯಾಗಿ ಕಾಣುವುದಿಲ್ಲ.

ಈಚಿನವರಲ್ಲಿ ರಿಚರ್ಡ್ ಆಸ್ಮನ್‌ನ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ಆಕೆಯಿಂದ ಎಪ್ಪತ್ತೆಂಟು ಅಂಕ ಗಳಿಸಿದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ವೃದ್ಧರ ವಸತಿಯೊಂದರಲ್ಲಿ ನಾಲ್ವರು ಪ್ರತಿ ಗುರುವಾರ ಕಲೆತು ಹಳೆಯ ಕೊಲೆಗಳನ್ನು ಕೆದಕುತ್ತಾರೆ: ಹಿಂದೆ ಗೂಢಚಾರಿಣಿಯಾಗಿದ್ದ ಎಲಿಜಬೆತ್, ನರ್ಸಾಗಿದ್ದ ಜಾಯ್ಸ್, ಮನೋವೈದ್ಯ ಇಬ್ರಾಹಿಂ, ಕಾರ್ಮಿಕ ನಾಯಕ ರಾನ್. ಮುದುಕರನ್ನು ಹಾಸ್ಯಕ್ಕೆ ಗುರಿಮಾಡದೆ, ಹಾಸ್ಯವನ್ನು ಅವರ ಕೈಗೇ ಕೊಟ್ಟಿರುವುದು ಲೇಖಕನ ಗುಣವೆಂದು ಆಕೆಯ ಮತ. ಆದರೆ ಆಕೆ ಗೆರೆ ಎಳೆದಿರುವುದು ಕೊಲೆಯ ಪುಟಗಳಿಗಲ್ಲ. ಎಲಿಜಬೆತ್‌ಳ ಗಂಡ ಸ್ಟೀಫನ್‌ಗೆ ಮರೆವಿನ ರೋಗ. ಅವನು ಮನೆಗೆ ಬರುವ ಬೊಗ್ಡಾನ್ ಎಂಬವನೊಡನೆ ಚದುರಂಗವಾಡುತ್ತಾನೆ. ಆಟದ ಮಣೆಯ ಮುಂದೆ ಕುಳಿತಾಗ ಅವನು ಮತ್ತೆ ಹಳೆಯ ಮನುಷ್ಯ. ಆ ಪುಟಗಳ ಅಂಚಿನಲ್ಲಿ ಆಕೆ ‘ನಿಜ’ ಎಂದಷ್ಟೇ ಬರೆದಿದ್ದಾರೆ. ಕಳೆದ ಇಪ್ಪತ್ತೆರಡು ಅಂಕಗಳಿಗೆ ಕಾರಣವೂ ಅಲ್ಲಿಯೇ ಇದೆ: “ಹೆಣಗಳು ಹೆಚ್ಚು, ಸೂತಕ ಕಡಿಮೆ.”

ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಳೂರ್ ಡಿಟೆಕ್ಟಿವ್ಸ್ ಕ್ಲಬ್’ (2022) ಬಂದಾಗ ಆಕೆಗಾದ ಸಂತೋಷಕ್ಕೆ ಬೇರೆ ಕಾರಣವಿತ್ತು. ಲೇಖಕಿ ಪರಿಸರವಿಜ್ಞಾನಿ, ಬೆಂಗಳೂರಿನ ಕೆರೆಗಳನ್ನೂ ಮರಗಳನ್ನೂ ಕುರಿತು ಸಂಶೋಧನೆ ನಡೆಸಿದವರು. ಕಥೆ ನಡೆಯುವುದು 1921ರಲ್ಲಿ. ವೈದ್ಯನ ಎಳೆಯ ಹೆಂಡತಿ ಕಾವೇರಿ ಸೆಂಚುರಿ ಕ್ಲಬ್ಬಿನ ಔತಣವೊಂದರಲ್ಲಿ ನಡೆದ ಕೊಲೆಯ ಜಾಡು ಹಿಡಿಯುತ್ತಾಳೆ. ಅವಳಿಗೆ ಗಣಿತವೆಂದರೆ ಪ್ರಾಣ. ಇಷ್ಟೇ ಕಾರಣಕ್ಕೆ ಐದು ಅಂಕ ಹೆಚ್ಚು ಬಿದ್ದಿದೆ ಎಂದು ಆಕೆಯ ಸ್ನೇಹಿತೆಯರು ಆಡಿಕೊಳ್ಳುತ್ತಾರೆ. ಆಕ್ಷೇಪಣೆ ಒಂದೇ: ಗಂಡ ರಾಮು ತೀರ ಒಳ್ಳೆಯವನು. “1921ರಲ್ಲಿ ಇಂಥ ಗಂಡಂದಿರು ಇದ್ದಿದ್ದರೆ ನಮ್ಮಜ್ಜಿಗೆ ಕದ್ದು ಅಕ್ಷರ ಕಲಿಯುವ ಕಷ್ಟವಿರುತ್ತಿರಲಿಲ್ಲ” ಎಂಬುದು ಆಕೆಯ ಷರಾ.

ಇನ್ನು ಸಂಸಾರದ ಕಥೆ. ಈಗಿನ ಕೌಟುಂಬಿಕ ಕಾದಂಬರಿಗಳ ಮೇಲೆ ಆಕೆಗೆ ಎರಡು ದೂರುಗಳಿವೆ. ಅಜ್ಜಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯಲ್ಲಿ ಕಾಗದದ ಕಟ್ಟು ಸಿಕ್ಕಲೇಬೇಕೆಂಬ ನಿಯಮ ಒಂದು. ಒಂದು ಅಧ್ಯಾಯ ಇಂದಿನದು, ಒಂದು ಅಧ್ಯಾಯ ಅಂದಿನದು ಎಂದು ಕಥೆಯನ್ನು ಜಡೆಯಂತೆ ಹೆಣೆಯುವ ಚಾಳಿ ಇನ್ನೊಂದು. ಹಾಗಿದ್ದರೂ ಅಬ್ರಹಾಂ ವರ್ಗೀಸ್ ಅವರ ‘ದಿ ಕವೆನೆಂಟ್ ಆಫ್ ವಾಟರ್’ (2023) ಎಂಬ ಏಳುನೂರಕ್ಕೂ ಹೆಚ್ಚು ಪುಟಗಳ ಹೊತ್ತಗೆಯನ್ನು ಆಕೆ ಹನ್ನೆರಡು ದಿನಗಳಲ್ಲಿ ಮುಗಿಸಿದರು. 1900ರಲ್ಲಿ ಕೇರಳದ ಕ್ರೈಸ್ತ ಮನೆತನಕ್ಕೆ ಹನ್ನೆರಡು ವರ್ಷದ ಹುಡುಗಿ ಮದುವೆಯಾಗಿ ಬರುತ್ತಾಳೆ. ಪ್ರತಿ ತಲೆಮಾರಿನಲ್ಲಿಯೂ ಆ ಮನೆಯ ಒಬ್ಬರಾದರೂ ನೀರಿಗೆ ಬಲಿಯಾಗುತ್ತಾರೆ. ಕಾಕತಾಳೀಯಗಳು ಅತಿಯಾದುವೆಂದು ಹತ್ತು ಅಂಕ ಕಳೆದರೂ, ಅತ್ತದ್ದು ಸುಳ್ಳಲ್ಲ.

ಅದಕ್ಕೆ ತೀರ ವಿರುದ್ಧವಾದದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕನ್ನಡದಲ್ಲಿ 2013ರಲ್ಲಿ ಬಂದು, ಶ್ರೀನಾಥ್ ಪೇರೂರರ ಅನುವಾದದಿಂದ ಹೊರನಾಡುಗಳನ್ನೂ ಮುಟ್ಟಿದ ಈ ಕಥೆ ನೂರು ಪುಟಗಳ ಆಸುಪಾಸಿನದು. ಚಿಕ್ಕಪ್ಪನ ಮಸಾಲೆ ಪುಡಿಯ ವ್ಯಾಪಾರದಿಂದ ಮನೆಗೆ ದುಡ್ಡು ಬರುತ್ತದೆ. ದುಡ್ಡು ಬಂದಮೇಲೆ ಮನೆಯವರು ಒಬ್ಬರನ್ನೊಬ್ಬರು ಕಾಯುವ ಬಗೆಯೇ ಬೇರೆಯಾಗುತ್ತದೆ. ಇಲ್ಲಿ ಕೊಲೆಯುಂಟೋ ಇಲ್ಲವೋ ಎಂಬುದನ್ನು ಕಥೆಗಾರರು ಓದುಗರ ಎದೆಗೇ ಬಿಟ್ಟಿದ್ದಾರೆ. ಆಕೆ ಈ ಪುಸ್ತಕಕ್ಕೆ ಅಂಕವನ್ನೇ ಹಾಕಲಿಲ್ಲ. “ಲೆಕ್ಕ ತಪ್ಪಿಲ್ಲ, ಆದರೆ ಉತ್ತರ ನೋಡಲು ಧೈರ್ಯ ಸಾಲದು” ಎಂದು ಬರೆದಿಟ್ಟರು.

ಎರಡು ಬಗೆಗಳನ್ನೂ ತೂಗಿ ಆಕೆ ಒಂದು ಸಿದ್ಧಾಂತ ಮಾಡಿಕೊಂಡಿದ್ದರು. ಪತ್ತೇದಾರಿ ಕಥೆಯಲ್ಲಿ ಒಬ್ಬನ ಮೇಲೆ ತಪ್ಪು ನಿಂತು, ಉಳಿದವರೆಲ್ಲ ಶುದ್ಧರಾಗುತ್ತಾರೆ. ಸಂಸಾರದ ಕಥೆಯಲ್ಲಿ ತಪ್ಪು ಎಲ್ಲರಿಗೂ ಹಂಚಿಹೋಗಿ, ಯಾರನ್ನೂ ಹಿಡಿಯುವ ಹಾಗಿಲ್ಲ. ಮೊದಲನೆಯದರಿಂದ ನಿದ್ದೆ ಬರುತ್ತದೆ, ಎರಡನೆಯದರಿಂದ ನಿದ್ದೆ ಹೋಗುತ್ತದೆ. ಆದ್ದರಿಂದ ಮಲಗುವ ಮುನ್ನ ಮೊದಲನೆಯದು ಲೇಸು. ಈ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ಒಂದು ಸ್ಟಾಂಪು ಕಾಗದದ ರೂಪದಲ್ಲಿ.

ಆಕೆಯ ತವರು ಕೃಷ್ಣರಾಜನಗರದ ಕಡೆಯ ಒಂದು ಹಳ್ಳಿ. ನಾಲೆಯ ನೀರಿನ ಗದ್ದೆ, ಒಂದಿಷ್ಟು ತೆಂಗು. ತಂದೆ ಹೋಗಿ ಬಹಳ ಕಾಲವಾಗಿತ್ತು, ಆಸ್ತಿ ವಿಭಾಗವಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡವನು ತಮ್ಮ. ತಾಯಿಯ ವರ್ಷಾಂತಿಕ ಕಳೆದ ಮೇಲೆ ಅವನು ಒಂದು ಭಾನುವಾರ ಮೈಸೂರಿಗೆ ಬಂದು, ಊಟವಾದ ನಂತರ ಚೀಲದಿಂದ ಹಕ್ಕು ಬಿಡುಗಡೆ ಪತ್ರದ ಕರಡನ್ನು ಹೊರತೆಗೆದ.

“ಅಕ್ಕಾ, ಬುಧವಾರ ಸಬ್-ರಿಜಿಸ್ಟ್ರಾರ್ ಕಚೇರಿಗೆ ಬಂದು ಒಂದು ರುಜು ಹಾಕಿಬಿಡು. ದೊಡ್ಡಕ್ಕ ಹೋದ ವರ್ಷವೇ ಹಾಕಿದಾಳೆ.”

“ಓದಿ ಹೇಳ್ತೀನಪ್ಪ.”

“ಓದೋಕೆ ಏನಿದೆ ಅದರಲ್ಲಿ? ಎಲ್ಲರ ಮನೆಯಲ್ಲೂ ಹೀಗೇ ಬರೆಯೋದು.”

ಆಗ ಆಕೆಯ ಮೇಜಿನ ಮೇಲಿದ್ದುದು ಸುಜಾತಾ ಮ್ಯಾಸಿ ಅವರ ‘ಎ ಮರ್ಡರ್ ಆನ್ ಮಲಬಾರ್ ಹಿಲ್’ (2018). 1921ರ ಮುಂಬಯಿ. ಗಿರಣಿಯ ಯಜಮಾನನೊಬ್ಬ ಸತ್ತಿದ್ದಾನೆ. ಪರದೆಯ ಹಿಂದಿರುವ ಅವನ ಮೂವರು ವಿಧವೆಯರು ತಮ್ಮ ಪಾಲನ್ನೆಲ್ಲ ಧರ್ಮಾರ್ಥಕ್ಕೆ ಬಿಟ್ಟುಕೊಟ್ಟಂತೆ ಕಾಗದ ಬಂದಿದೆ. ಅದರಲ್ಲೊಬ್ಬಳದು ರುಜುವಲ್ಲ, ಬರಿಯ ಗೀಟು. ವಕೀಲೆ ಪರ್ವೀನ್ ಮಿಸ್ತ್ರಿಗೆ ಸಂದೇಹ ಹುಟ್ಟುವುದು ಅಲ್ಲಿ. ಹೆಂಗಸಾದ್ದರಿಂದ ಒಳಗೆ ಹೋಗಿ ಆ ಮೂವರನ್ನೂ ಮುಖತಃ ಕೇಳುವುದು ಅವಳಿಗೆ ಸಾಧ್ಯವಾಗುತ್ತದೆ. ಈ ಪಾತ್ರಕ್ಕೆ ಪ್ರೇರಣೆ ಕಾರ್ನೀಲಿಯಾ ಸೊರಾಬ್ಜಿ. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತು, ಮುಂದೆ ಪರದೆಯ ಹೆಂಗಸರ ಆಸ್ತಿಗಾಗಿ ದುಡಿದ ಮಹಿಳೆ. ಕಥೆಯನ್ನು ಅರ್ಧಕ್ಕೆ ಮಡಿಚಿಟ್ಟು ಮುಖ್ಯೋಪಾಧ್ಯಾಯಿನಿ ಕರಡನ್ನು ಓದಿದರು.

ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಿತ್ರಾರ್ಜಿತದ ಹಕ್ಕುಂಟೆಂದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಇದೆಲ್ಲ ಆಕೆಗೆ ತಿಳಿದಿತ್ತು. ತಿಳಿದೂ ಅರಿಶಿನ ಕುಂಕುಮಕ್ಕೆ ಬಿಟ್ಟುಕೊಡುವ ಮನಸ್ಸೇ ಇತ್ತು. ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ: ಹಕ್ಕು ಬಿಟ್ಟುದಕ್ಕೆ ಪ್ರತಿಫಲವಾಗಿ ಮೂರು ಲಕ್ಷ ರೂಪಾಯಿ ನಗದಾಗಿ ಮುಟ್ಟಿದೆ ಎಂಬ ಸಾಲು. ಆಕೆಗೆ ಏನೂ ಮುಟ್ಟಿರಲಿಲ್ಲ. ದೊಡ್ಡಕ್ಕನಿಗೆ ಫೋನು ಮಾಡಿ, ಅವರ ಪ್ರತಿಯನ್ನು ಮೊಮ್ಮಗನಿಂದ ಓದಿಸಿದಾಗ ಅಲ್ಲಿಯೂ ಅದೇ ಸಾಲು. ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತು, ಇಪ್ಪತ್ತೆಂಟನೆಯ ವಯಸ್ಸಿಗೇ ವಿಧವೆಯಾಗಿ, ಹೊಲಿಗೆಯಿಂದ ಮಕ್ಕಳನ್ನು ಬೆಳೆಸಿದ ದೊಡ್ಡಕ್ಕ ಆ ಪತ್ರವನ್ನು ಓದಿರಲಿಲ್ಲ. ಓದಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿದರೆ ಹೇಳಬಹುದಾಗಿದ್ದ ತಂಗಿಯನ್ನು ಅವರು ಕೇಳಿರಲಿಲ್ಲ.

ಪತ್ತೇದಾರಿ ಕಥೆಯಾಗಿದ್ದರೆ ಇಲ್ಲಿಗೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಅಪರಾಧಿಯತ್ತ ಬೆರಳು ತೋರಿಸಬಹುದಾಗಿತ್ತು. ತಮ್ಮ ಸುಳ್ಳಾಡಲಿಲ್ಲ. ಅದು ಪತ್ರಬರಹಗಾರರ ವಾಡಿಕೆಯ ಒಕ್ಕಣೆ ಎಂದ. ಅಮ್ಮನಿಗೆ ಹನ್ನೊಂದು ವರ್ಷ ಬಟ್ಟೆ ಬದಲಾಯಿಸಿದವಳು ತನ್ನ ಹೆಂಡತಿ, ಆ ಲೆಕ್ಕ ಯಾವ ಪತ್ರದಲ್ಲಿದೆ ಎಂದೂ ಕೇಳಿದ. ಎರಡೂ ನಿಜವೇ. ಆಕೆ ಉತ್ತರವಾಗಿ ಹೇಳಿದ್ದು ಇಷ್ಟು: “ನನ್ನ ವಿಷಯ ಆಮೇಲೆ ನೋಡೋಣ. ಮುಟ್ಟಿದೆ ಅಂತ ಬರೆದ ಮೇಲೆ ದೊಡ್ಡಕ್ಕನಿಗೆ ಮುಟ್ಟಬೇಕು. ಅದಾಗೋವರೆಗೆ ನಾನು ರುಜು ಹಾಕೋಲ್ಲ.”

ಆ ವರ್ಷದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ದೊಡ್ಡಕ್ಕನ ಖಾತೆಗೆ ಮೊದಲ ಕಂತು ಬಂದಿತು, ಸಂಕ್ರಾಂತಿಗೆ ಎರಡನೆಯದು. ಕೃತಜ್ಞತೆಯ ಮಾತನ್ನು ನಿರೀಕ್ಷಿಸಿದ್ದ ತಂಗಿಗೆ ದೊಡ್ಡಕ್ಕ ಹೇಳಿದ್ದು ಬೇರೆ: “ದುಡ್ಡು ಬಂತು ಕಣೇ, ತಮ್ಮ ಹೋದ.” ಮುಖ್ಯೋಪಾಧ್ಯಾಯಿನಿಯವರ ಪತ್ರ ಇನ್ನೂ ರುಜುವಿಲ್ಲದೆ ಬೀರುವಿನಲ್ಲಿದೆ. ನ್ಯಾಯ ತಮ್ಮ ಕಡೆಗಿತ್ತೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ. ನಿದ್ದೆ ಮಾತ್ರ ಮೊದಲಿನ ಹಾಗಿಲ್ಲ.

ಜನಪ್ರಿಯ ಕಾದಂಬರಿಗಳ ಮೇಲಿನ ಅಭಿಪ್ರಾಯವೂ ಈಗ ಕೊಂಚ ಬದಲಾಗಿದೆ. ಪತ್ತೇದಾರಿ ಲೇಖಕರು ಕಥೆಯನ್ನು ಬೇಗ ನಿಲ್ಲಿಸಿಬಿಡುತ್ತಾರೆಂಬುದು ಅವರ ಹೊಸ ಆಕ್ಷೇಪಣೆ. ನಿಜ ಹೊರಬಿದ್ದ ಮೇಲೆ ಆ ಮನೆಯವರು ಮುಂದಿನ ಹಬ್ಬಕ್ಕೆ ಹೇಗೆ ಕಲೆತರು, ಯಾರು ಯಾರಿಗೆ ಬಡಿಸಿದರು ಎಂಬುದನ್ನು ಬರೆಯುವವರಿಲ್ಲ. ಸಂಸಾರದ ಕಥೆಗಾರರಲ್ಲಿ ಅನೇಕರು ಅದನ್ನು ಬರೆಯುತ್ತಾರೆ. ಆದರೆ ಸುಳ್ಳು ಬರೆದ ಸಾಲು ಯಾವುದೆಂದು ಬೆರಳಿಟ್ಟು ತೋರಿಸಲು ಅಂಜುತ್ತಾರೆ. ಎರಡನ್ನೂ ಮಾಡಿದವರಿಗೆ ಪೂರ್ತಿ ನೂರು ಅಂಕ ಕಾದಿದೆ.

ಸದ್ಯಕ್ಕೆ ಒಂದು ಹೊಸ ಕೆಲಸ ಹತ್ತಿಕೊಂಡಿದೆ. ಮಲಬಾರ್ ಹಿಲ್ಲಿನ ಕಥೆಯನ್ನು ದಿನಕ್ಕೆ ಒಂದೊಂದು ಅಧ್ಯಾಯದಂತೆ ಫೋನಿನಲ್ಲಿ ದೊಡ್ಡಕ್ಕನಿಗೆ ಕನ್ನಡದಲ್ಲಿ ಹೇಳುವುದು. ಧಾರಾವಾಹಿಗಾಗಿ ವಾರಪತ್ರಿಕೆಯನ್ನು ಕಾಯುವಂತೆ ದೊಡ್ಡಕ್ಕ ಸಂಜೆ ಏಳಕ್ಕೆ ಕಾದಿರುತ್ತಾರೆ. ಕೊಲೆ ಮಾಡಿದವರು ಯಾರೆಂದು ಅವರು ಇದುವರೆಗೆ ಒಮ್ಮೆಯೂ ಕೇಳಿಲ್ಲ. ನಿತ್ಯವೂ ಕೇಳುವ ಪ್ರಶ್ನೆ ಒಂದೇ: “ಆ ಮೂವರು ಹೆಂಗಸರು ಕೊನೆಗೆ ಒಟ್ಟಿಗೇ ಇದ್ದರೇನೇ? ಅದನ್ನ ಮೊದಲು ಹೇಳು.”