ಸಂಪಾದಕರ ಜಾಗ ಬಿಟ್ಟ ಮೇಲೆ

2024ರ ಮಾರ್ಚ್ ಸಂಚಿಕೆಯೊಂದಿಗೆ ನಮ್ಮ ಸಂಪಾದಕಗಿರಿ ಮುಗಿಯಿತು. ಸಾಗರದಿಂದ ಹೊರಡುವ ಪುಟ್ಟ ಪರಿಸರ ಮಾಸಿಕ ಅದು. ಹತ್ತು ವರ್ಷ ನಮ್ಮ ಕೈಯಲ್ಲಿತ್ತು, ಈಗಲೂ ಹೊರಡುತ್ತಿದೆ. ಅದೇ ಮಾರ್ಚಿನಲ್ಲಿ 1867ರ ಪತ್ರಿಕಾ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಜಾರಿಗೆ ಬಂದಿತ್ತು. ಬ್ರಿಟಿಷರ ಕಾನೂನೂ ನೀವೂ ಒಟ್ಟಿಗೇ ನಿವೃತ್ತರಾದಿರಿ ಎಂದು ಗೆಳೆಯರು ನಗಾಡಿದರು. ಜಾಗ ಬಿಟ್ಟರೂ ‘ನಾವು’ ಎಂದು ಬರೆಯುವ ಸಂಪಾದಕೀಯದ ಚಟ ಬಿಟ್ಟಿಲ್ಲ. ಓದುಗರು ಸಹಿಸಿಕೊಳ್ಳಬೇಕು.

ಸಂಪಾದಕ ಎಂದರೆ ಕುಳಿತು ಬರೆಯುವವನು ಎಂದು ಹೊರಗಿನವರ ಭಾವನೆ. ತಿಂಗಳ ಇಪ್ಪತ್ತು ದಿನ ನಮಗೆ ಕರಡು ತಿದ್ದುವುದು, ಚಂದಾ ಮುಗಿದವರಿಗೆ ಫೋನು ಮಾಡುವುದು, ವಿಳಾಸದ ಚೀಟಿ ಅಂಟಿಸುವುದು ಇವುಗಳಲ್ಲೇ ಕಳೆಯುತ್ತಿತ್ತು. ನೋಂದಾಯಿತ ಪತ್ರಿಕೆಯಾದ್ದರಿಂದ 50 ಗ್ರಾಂ ತನಕ ಅಂಚೆಗೆ 25 ಪೈಸೆ ಸಾಕಾಗುತ್ತಿತ್ತು. ಸಣ್ಣ ಪತ್ರಿಕೆಗಳ ಜೀವ ಇರುವುದೇ ಈ ರಿಯಾಯಿತಿಯಲ್ಲಿ. ಮುಖಪುಟ ಸೇರಿ 24 ಪುಟ ಮೀರಿದರೆ ತಕ್ಕಡಿ 50 ದಾಟುತ್ತಿತ್ತು. ಹಾಗಾಗಿ ಪ್ರತಿ ತಿಂಗಳೂ ಏನನ್ನಾದರೂ ಕತ್ತರಿಸಲೇಬೇಕು. ಎಷ್ಟು ಮರ, ಎಷ್ಟು ಎಕರೆ, ಎಷ್ಟು ಟಿಎಂಸಿ ಎಂಬ ಲೆಕ್ಕವನ್ನು ಮುಟ್ಟುವಂತಿರಲಿಲ್ಲ, ನಾವಲ್ಲದೆ ಅದನ್ನು ಪೂರ್ತಿ ಅಚ್ಚು ಹಾಕುವವರು ನಮ್ಮ ಕಡೆ ಯಾರೂ ಇರಲಿಲ್ಲ. ಕತ್ತರಿಗೆ ಸಿಗುತ್ತಿದ್ದುದು ಜನರ ಮಾತು. ಕತೆ ಬರೆಯುವವನ ಕೈಯಿಂದಲೇ ಆ ಕೆಲಸ ಆಗಬೇಕಿತ್ತು. ಹತ್ತು ವರ್ಷ ಮಾಡಿದೆವು, ಹನ್ನೊಂದನೆಯ ವರ್ಷಕ್ಕೆ ಬೇಡವೆನಿಸಿತು.

ನಾವು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಉರ್ದುವಿನಲ್ಲಿ ಪರಿಸರಕ್ಕೆ ‘ಮಾಹೋಲ್’ ಎನ್ನುತ್ತಾರೆ, ಪರಿಸರ ಮಾಲಿನ್ಯ ‘ಮಾಹೋಲಿಯಾತಿ ಆಲೂದಗಿ’. ಸುತ್ತಲಿರುವುದು ಎಂಬುದು ಅದರ ಅರಬಿ ಮೂಲದ ಅರ್ಥ. ಆದರೆ ಮನೆಯಲ್ಲಿ, ಚಹದಂಗಡಿಯಲ್ಲಿ ಮಾಹೋಲ್ ಎಂದರೆ ಕಾಡಲ್ಲ, ನದಿಯಲ್ಲ. ಮದುವೆ ಮನೆ ಕಳೆಕಳೆಯಾಗಿದ್ದರೆ ಮಾಹೋಲ್ ಅಚ್ಛಾ ಥಾ. ಊರಲ್ಲಿ ಕಲ್ಲು ತೂರಾಟವಾದರೆ ಮಾಹೋಲ್ ಖರಾಬ್ ಹೈ. ಕನ್ನಡದ ‘ವಾತಾವರಣ’ ಇದಕ್ಕೆ ಸ್ವಲ್ಪ ಹತ್ತಿರ ಬರುತ್ತದೆ, ‘ಪರಿಸರ’ ಬರುವುದಿಲ್ಲ. ಪತ್ರಿಕೆ ಶುರುವಾದ ದಿನದಿಂದ ನಮ್ಮ ಮೊಹಲ್ಲಾದ ಗೆಳೆಯರದು ಒಂದೇ ಮಾತು: “ಪೈಲೇ ಅಪ್ನಾ ಮಾಹೋಲ್ ದೇಖೋ ಭಾಯಿ.” ಮನುಷ್ಯರಿಗೇ ಮನೆ ಬಾಡಿಗೆಗೆ ಸಿಗದ ಕಾಲದಲ್ಲಿ ಸಿಂಗಳೀಕದ ಚಿಂತೆ ನಿನಗೇಕೆ ಎಂಬ ಅರ್ಥ. ಆ ಕಡೆಯವರ ಪ್ರಶ್ನೆಯೂ ಅದೇ, ದನಿ ಮಾತ್ರ ಬೇರೆ: ಸಾಹೇಬರಿಗೆ ಕಾಡಿನ ಉಸಾಬರಿ ಯಾಕೆ?

ಇದಕ್ಕೆ ನಾವು ಪುಟಗಟ್ಟಲೆ ಉತ್ತರ ಬರೆದಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆದಾಗ, ಅಡಿಕೆ ಬೆಳೆಗಾರರ ಪಕ್ಕದಲ್ಲಿ ನಮ್ಮ ಮೊಹಲ್ಲಾದ ಆಟೋದವರೂ ನಿಂತಿದ್ದರು. ಮಾಹೋಲಿನ ಎರಡು ಅರ್ಥಗಳೂ ಆ ದಿನ ಒಂದೇ ಆಗಿದ್ದವು. ಮರುವಾರ ಮತ್ತೆ ಬೇರೆಯಾದವು, ಅದು ಬೇರೆ ಮಾತು.

ಬಿಡುತ್ತೇವೆಂದು ಪ್ರಕಟಿಸಿದಾಗ ಬಂದ ಫೋನುಗಳಲ್ಲಿ ಒಂದು ಇನ್ನೂ ಕಿವಿಯಲ್ಲಿದೆ. ಮುಳುಗಡೆ ಊರಿನ ಹಿರಿಯ ಚಂದಾದಾರರು ಅವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಮೊದಲೇ ಅವರ ಕುಟುಂಬವನ್ನು ಲಾರಿಯಲ್ಲಿ ತಂದು ಕಾಡಿನ ಅಂಚಿಗೆ ಇಳಿಸಿ ಹೋಗಿದ್ದರು. ಹಾಗೆ ಇಳಿದ ಎಷ್ಟೋ ಕುಟುಂಬಗಳ ಭೂಮಿಯ ತಕರಾರು ಅರವತ್ತು ವರ್ಷ ಕಳೆದರೂ ತೀರಿಲ್ಲ. “ಸುರಂಗ ಕೊರೆಯೋ ಹೊತ್ತಿಗೇ ಬಿಡ್ತೀರಲ್ಲ ಸಾಹೇಬ್ರೇ” ಎಂದರು.

ಅವರು ಹೇಳಿದ್ದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ. ಗೇರುಸೊಪ್ಪೆಯ ನೀರನ್ನು ವಿದ್ಯುತ್ ಬೇಡಿಕೆ ಕಡಿಮೆಯಿದ್ದಾಗ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಉತ್ಪಾದಿಸುವುದು. ಎತ್ತಲು ತಗಲುವ ವಿದ್ಯುತ್ತು ಇಳಿಸುವಾಗ ಪೂರ್ತಿ ಮರಳಿ ಸಿಗುವುದಿಲ್ಲ. ಸೌರಶಕ್ತಿಯ ಕಾಲದಲ್ಲಿ ಇಂಥ ದಾಸ್ತಾನು ಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಸಿಂಗಳೀಕಗಳ ಅಭಯಾರಣ್ಯವೇ ಆಗಬೇಕೇ? ಇದನ್ನು ಕೇಳಲು ಯೋಜನಾ ವರದಿಗಳನ್ನು ಸಾಲುಸಾಲಾಗಿ ಓದಬಲ್ಲವರು ಬೇಕು, ಕಣಿವೆ ಇಳಿದು ಹತ್ತಬಲ್ಲ ಮೊಣಕಾಲೂ ಬೇಕು. ಪತ್ರಿಕೆ ಈಗ ಅಂಥ ಇಬ್ಬರ ಕೈಯಲ್ಲಿದೆ, ಇಬ್ಬರೂ ಮೂವತ್ತರ ಒಳಗಿನವರು. ಅವರು ಮುಖಪುಟ ಬದಲಿಸಿದರು. ನಮಗೆ ಇಷ್ಟವಾಗಲಿಲ್ಲ, ಅವರೂ ನಮ್ಮನ್ನು ಕೇಳಲಿಲ್ಲ. ಅದು ಸರಿಯೇ. ಹಳೆಯ ಸಂಪಾದಕ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರೆ ಹೊಸಬರಿಗೆ ಕೆಲಸ ಸಾಗದು.

ನಮ್ಮ ಊರಿನಲ್ಲೇ ಇನ್ನೊಂದು ದಾರಿ ಇತ್ತು. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಒಳಗಿನಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ಆಣೆಕಟ್ಟೆಯ ಪೂರ್ಣ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ ಎಂದು ನಾವು ಎಷ್ಟು ಸಲ ಅಚ್ಚು ಹಾಕಿದ್ದೇವೋ ಲೆಕ್ಕವಿಲ್ಲ, ನೀರು ಆ ಮಟ್ಟಕ್ಕೆ ಏರುವಾಗ ಅಂಗಳದಲ್ಲಿ ನಿಂತವರ ಎದೆ ಹೇಗೆ ಹೊಡೆದುಕೊಂಡಿತು ಎಂಬುದು ಓದುಗರಿಗೆ ತಿಳಿದದ್ದು ಅವರ ಕಾದಂಬರಿಗಳಿಂದ. ಲೆಕ್ಕವೂ ಬೇಕು, ಇದೂ ಬೇಕು. ಒಬ್ಬನೇ ಎರಡನ್ನೂ ತಿಂಗಳು ತಿಂಗಳು ಮಾಡಲಾಗದು.

ಫೋನು ಮಾಡಿದ ಆ ಹಿರಿಯರ ಮೇಲೆ ಈಗ ಕತೆ ಬರೆಯುತ್ತಿದ್ದೇವೆ. ಮೂರನೆಯ ಸಲ ತಿದ್ದಿ ಬರೆದರೂ ಲಾರಿ ಹೊರಡುವ ಜಾಗದಲ್ಲಿ ನಿಂತುಬಿಟ್ಟಿದೆ. ಮನೆಯ ಬಾಗಿಲು, ದಾರಂದ, ಒನಕೆ ಎಲ್ಲ ಹೇರಿದರು ಎಂದು ಅವರು ಹೇಳಿದ್ದರು. ಕೊಟ್ಟಿಗೆಯ ದನಗಳು ಹೇಗೆ ಬಂದವು, ಬಂದವೋ ಇಲ್ಲವೋ, ನಾವು ಕೇಳಿರಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ಕೇಳಬೇಕು.