ಫೆವಿಕ್ವಿಕ್ ವಿಡಿಯೊ ಮತ್ತು ನನ್ನ ಅಕ್ಕ

2025ರ ಫೆಬ್ರವರಿ ಮೊದಲ ವಾರ. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಆಡೂರು ಆರೋಗ್ಯ ಕೇಂದ್ರದಲ್ಲಿ 7 ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ನರ್ಸ್ ಒಬ್ಬರು ಹೊಲಿಗೆ ಹಾಕುವ ಬದಲು ಫೆವಿಕ್ವಿಕ್ ಹಚ್ಚಿದ್ದರು. ನಡೆದದ್ದು ಜನವರಿ 14ರಂದು. ತಂದೆತಾಯಿ ಕೇಳಿದ್ದಕ್ಕೆ, ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ, ನಾನು ಮೊದಲಿಂದ ಹೀಗೇ ಮಾಡುತ್ತ ಬಂದಿದ್ದೇನೆ ಎಂದರು. ಅದನ್ನು ತಂದೆತಾಯಿ ಫೋನಿನಲ್ಲಿ ಹಿಡಿದುಕೊಂಡರು.

ನಾನು ಆ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಿ ಕೆಳಗೆ ಬರೆದೆ: ‘ಇಲ್ಲಿ ಪಂಚರ್ ಹಾಕಿಕೊಡಲಾಗುವುದು.’ ಪತ್ರಿಕೋದ್ಯಮ ಓದಿದವನು ನಾನು. ಆನೆಗೊಂದಿಯ ನಮ್ಮ ಓಣಿಯಲ್ಲಿ ನಲವತ್ತು ಜನ ನೋಡಿದರು, ಹದಿನೈದು ಜನ ನಗುವ ಮುಖ ಕಳಿಸಿದರು.

ರಾತ್ರಿ ಅಕ್ಕನ ಫೋನ್ ಬಂತು. ಅಕ್ಕ ಮಕ್ಕಳ ವಾರ್ಡಿನಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಅದೇ ಕೆಲಸ.

‘ತಮ್ಮಾ, ಆಕಿ ಮಾಡಿದ್ದು ತಪ್ಪು. ಅದರಾಗ ಎರಡು ಮಾತಿಲ್ಲ. ಆದ್ರ ನೀ ನಗ್ತಿ ಏನು? ನಮ್ಮ ಓಣ್ಯಾಗ ಹಿಮ್ಮಡಿ ಸೀಳಿದ್ರ ಯಾರು ಏನ್ ಹಚ್ಚತಾರ?’

ನಿಜ. ಗದ್ದೆ ಕೆಲಸಕ್ಕೆ ಹೋಗುವ ಎಷ್ಟೋ ಜನ ಬಿರುಕಿಗೆ ಅದೇ ಐದು ರೂಪಾಯಿ ಟ್ಯೂಬು ಒತ್ತುತ್ತಾರೆ. ನಮ್ಮ ಅಪ್ಪನೂ. ಗಾಯಕ್ಕೆ ಹಚ್ಚುವ ಅಂಟು ಆಸ್ಪತ್ರೆಗಳಲ್ಲೂ ಇದೆ, ಅದೇ ಜಾತಿಯ ರಾಸಾಯನಿಕವೇ, ಆದರೆ ಅದನ್ನು ಮೈಗೆಂದೇ ಬೇರೆ ರೀತಿ ಮಾಡಿರುತ್ತಾರೆ, ಕ್ರಿಮಿ ಇಲ್ಲದಂತೆ ಕಟ್ಟಿರುತ್ತಾರೆ ಎಂದು ಅಕ್ಕ ವಿವರಿಸಿದಳು. ಅಂಗಡಿಯದು ಚಪ್ಪಲಿಗೆ, ಪ್ಲಾಸ್ಟಿಕ್ಕಿಗೆ. ರೈತ ತನ್ನ ಹಿಮ್ಮಡಿಗೆ ತಾನೇ ಹಚ್ಚಿಕೊಂಡರೆ ಅದು ಅವನ ಪಾಡು. ನರ್ಸ್ ಮಗುವಿನ ಮುಖಕ್ಕೆ ಹಚ್ಚಿದರೆ ಅದು ಕಾನೂನಿನ ಮಾತು.

ಆ ನರ್ಸನ್ನು ಮೊದಲು ಬೇರೆ ಊರಿಗೆ ಕಳಿಸಿದರು. ಜನ ಸಿಟ್ಟಾದ ಮೇಲೆ ಅಮಾನತು ಮಾಡಿದರು. ಮೊದಲನೆಯದೇ ಅಕ್ಕನಿಗೆ ಹೆಚ್ಚು ಸಿಟ್ಟು ತರಿಸಿತ್ತು. ‘ತಪ್ಪು ಮಾಡ್ಯಾಳ ಅಂದ್ರ ಬ್ಯಾರೆ ಊರಿನ ಮಕ್ಕಳ ಹತ್ರ ಯಾಕ ಕಳಿಸಿದ್ರು? ಆ ಮಕ್ಕಳ ಕೆನ್ನಿ ಕೆನ್ನಿ ಅಲ್ಲೇನು?’

ಆಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಂತರ ಹೇಳಿದ್ದನ್ನು ಅವಳನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬೇಡ.

ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಾತ್ರಿ ಪಾಳಿ. ವಾರ್ಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ನರ್ಸ್ ಇವಳೊಬ್ಬಳೇ. ಸಾಮಾನ್ಯ ವಾರ್ಡಿನಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂಬ ಲೆಕ್ಕ ಭಾರತೀಯ ನರ್ಸಿಂಗ್ ಪರಿಷತ್ತಿನದು. ಆ ಲೆಕ್ಕ ಕಾಗದದ ಮೇಲಿದೆ. ಒಂದು ಎಳೆಗೂಸಿಗೆ ಸೋಂಕು, ಜೆಂಟಾಮೈಸಿನ್ ಸೂಜಿ ನಡೆದಿತ್ತು. ಆ ದಿನ ಆಸ್ಪತ್ರೆಯಲ್ಲಿ ಔಷಧ ಮುಗಿದಿತ್ತು. ಕೂಸಿನ ಅಪ್ಪ ಚೀಟಿ ಹಿಡಿದು ಹೊರಗಿನ ಅಂಗಡಿಯಿಂದ ತಂದುಕೊಟ್ಟ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಔಷಧದ ಸೀಸೆ ಎರಡು ತರಹ ಬರುತ್ತದೆ. ಮಕ್ಕಳದರಲ್ಲಿ 2 ಮಿಲಿಗೆ 20 ಮಿಲಿಗ್ರಾಂ ಔಷಧ. ದೊಡ್ಡವರದರಲ್ಲಿ ಅದೇ 2 ಮಿಲಿಗೆ 80 ಮಿಲಿಗ್ರಾಂ. ಒಳಗಿರುವುದು ಎರಡರಲ್ಲೂ ನೀರಿನಂತೆಯೇ ಕಾಣುತ್ತದೆ. ಆ ಕೂಸು 3 ಕೆಜಿ. ಡಾಕ್ಟರ್ ಕೆಜಿಗೆ 5ರಂತೆ 15 ಮಿಲಿಗ್ರಾಂ ಬರೆದಿದ್ದರು. ಮಕ್ಕಳ ಸೀಸೆಯಾದರೆ ಒಂದೂವರೆ ಮಿಲಿ ಎಳೆಯಬೇಕು. ಅಪ್ಪ ತಂದದ್ದು ದೊಡ್ಡವರ ಸೀಸೆ. ಅಕ್ಕ ಹಿಂದಿನ ದಿನದ ಅಭ್ಯಾಸದಲ್ಲಿ ಒಂದೂವರೆ ಮಿಲಿ ಎಳೆದಳು. ಅಂದರೆ 60 ಮಿಲಿಗ್ರಾಂ, ನಾಲ್ಕು ಪಟ್ಟು. ಈ ಔಷಧ ಹೆಚ್ಚಾದರೆ ಕಿಡ್ನಿಗೂ ಕಿವಿಗೂ ಪೆಟ್ಟು.

ಸಿರಿಂಜು ಹಿಡಿದು ಹಾಸಿಗೆ ಹತ್ತಿರ ಹೋದಾಗ ಕೂಸಿನ ಅಜ್ಜಿ ಕೇಳಿದಳಂತೆ: ‘ಯವ್ವಾ, ನಿನ್ನಿ ಬಾಟ್ಲಿ ಮ್ಯಾಲಿನ ಚೀಟಿ ಬ್ಯಾರೆ ಬಣ್ಣದ್ದಿತ್ತಲ್ಲ?’

ಅಜ್ಜಿಗೆ ಓದು ಬರಹ ಇಲ್ಲ. ಅಕ್ಕ ಟೇಬಲ್ಲಿಗೆ ಹಿಂದಿರುಗಿ ಸೀಸೆ ನೋಡಿದಳು. ಸಿರಿಂಜಿನದನ್ನು ಚೆಲ್ಲಿದಳು. ಕೈ ನಡುಗುತ್ತಿತ್ತು ಎಂದಳು. ಲೆಕ್ಕ ಮತ್ತೊಮ್ಮೆ ಮಾಡಿ, ಮಕ್ಕಳ ಸೀಸೆಯನ್ನೇ ತರಿಸಿ ಕೊಟ್ಟಳು. ಕೂಸು ಗುಣವಾಗಿ ಮನೆಗೆ ಹೋಯಿತು. ಆದರೆ ಈ ವಿಷಯವನ್ನು ಅಕ್ಕ ಯಾವ ಪುಸ್ತಕದಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಬರೆದಿದ್ದರೆ ಮೆಮೊ ಬರುತ್ತಿತ್ತು. ಬರೆಯದ್ದರಿಂದ ಮುಂದಿನ ಪಾಳಿಯವಳಿಗೂ ಎಚ್ಚರಿಕೆ ಸಿಗಲಿಲ್ಲ, ಆ ಎರಡು ಸೀಸೆ ಒಂದೇ ಟ್ರೇಯಲ್ಲಿ ಇಡಬಾರದು ಎಂಬ ಮಾತೂ ಹೊರಡಲಿಲ್ಲ. ಒಂಬತ್ತು ವರ್ಷದಿಂದ ಅವಳನ್ನು ಕೊರೆಯುತ್ತಿದ್ದದ್ದು ಅದೇ.

ಆಮೇಲೆ ನಾನು ಕಾನೂನು ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. ಅಕ್ಕನ ಕಥೆಗೆ ತೀರಾ ಹತ್ತಿರದ ಪ್ರಕರಣವೊಂದು ಸುಪ್ರೀಂ ಕೋರ್ಟಿನಲ್ಲೇ ಇದೆ. 1993ರ ಡಿಸೆಂಬರ್‌ನಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಗೆ ಟೈಫಾಯ್ಡ್ ಎಂದು ಒಂದು ಮಗುವನ್ನು ಸೇರಿಸಿದ್ದರು. ನರ್ಸ್ ಚೀಟಿ ಕೊಟ್ಟಳು, ತಂದೆ ಸೂಜಿಮದ್ದು ತಂದುಕೊಟ್ಟ, ಅವಳು ಅದನ್ನು ರಕ್ತನಾಳಕ್ಕೆ ಕೊಟ್ಟಳು. ಮಗು ಅಲ್ಲೇ ಕುಸಿಯಿತು. ಕೊಡಬೇಕಾದ ಔಷಧವೇ ಅದಲ್ಲ. ಮೆದುಳಿಗೆ ಸರಿಯಾಗದ ಪೆಟ್ಟು ಬಿತ್ತು. ಆ ನರ್ಸ್‌ಗೆ ನೋಂದಣಿಯೇ ಇರಲಿಲ್ಲ. 1998ರಲ್ಲಿ ಕೋರ್ಟು ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ನರ್ಸ್ ತಪ್ಪಿಗೆ ಅವಳನ್ನು ಇಟ್ಟುಕೊಂಡ ಆಸ್ಪತ್ರೆಯೂ ಹೊಣೆ ಎಂದಿತು.

ಆದರೆ ಅದು ದುಡ್ಡು ಕೊಟ್ಟು ಸೇರಿದ ಆಸ್ಪತ್ರೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನಡಿ ಬರುವುದಿಲ್ಲ ಎಂದು 1995ರ ತೀರ್ಪು ಹೇಳುತ್ತದೆ. ನಮ್ಮಂಥವರು ಹೋಗುವುದು ಹೆಚ್ಚಾಗಿ ಅಲ್ಲಿಗೇ. ಅಲ್ಲಿ ತಪ್ಪಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು, ಪೊಲೀಸರಿಗೆ ದೂರು, ಇಲ್ಲವೇ ಸಿವಿಲ್ ಕೋರ್ಟು. ನರ್ಸ್‌ಗೆ ಲೈಸೆನ್ಸ್ ಕೊಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು, ಅಲ್ಲಿಗೂ ಬರೆಯಬಹುದು. ಚಿಕಿತ್ಸೆಯ ದಾಖಲೆ ಕೇಳಿದರೆ ಡಾಕ್ಟರ್ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದ ಇದೆ. ಇದು ಗೊತ್ತಿರುವ ಒಬ್ಬರನ್ನೂ ನಮ್ಮೂರಲ್ಲಿ ನಾನು ಕಂಡಿಲ್ಲ.

ಇನ್ನೊಂದು ಸಂಗತಿ ಓದಿ ನನಗೇ ಗಾಬರಿಯಾಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು ಎನ್ನುತ್ತದೆ. ಚಿಕಿತ್ಸೆ ಕೊಡುವಾಗ ನೋಂದಾಯಿತ ವೈದ್ಯರಿಂದ ಹಾಗಾದರೆ 2 ವರ್ಷದವರೆಗೆ ಮಾತ್ರ. ನೋಂದಾಯಿತ ವೈದ್ಯ ಎಂದರೆ ಯಾರು ಎಂದು ಅಲ್ಲೇ ಬರೆದಿದ್ದಾರೆ: ವೈದ್ಯಕೀಯ ಪದವಿ ಪಡೆದು ವೈದ್ಯರ ಪಟ್ಟಿಯಲ್ಲಿ ಹೆಸರಿರುವವರು. ನರ್ಸ್ ಅದರಲ್ಲಿಲ್ಲ. ಹಳೆಯ ಐಪಿಸಿಯಲ್ಲಿ ಇಬ್ಬರಿಗೂ ಒಂದೇ, ಹೆಚ್ಚೆಂದರೆ 2 ವರ್ಷ ಇತ್ತು. ಈಗ ಬರೆದ ಕೈಗೆ ಎರಡು, ಚುಚ್ಚಿದ ಕೈಗೆ ಐದು. ಇದು ನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಅಕ್ಕನಿಗೆ ಓದಿ ಹೇಳಿದೆ. ‘ಹಂಗಾರ ಇನ್ನ ಯಾರು ಬರದಿಡತಾರ, ತಮ್ಮಾ’ ಎಂದಷ್ಟೇ ಹೇಳಿದಳು.

ಸ್ಟೇಟಸ್ ಅಂದು ರಾತ್ರಿಯೇ ತೆಗೆದೆ. ಆಡೂರಿನ ತಂದೆತಾಯಿ ವಿಡಿಯೊ ಮಾಡಿದ್ದು ತಪ್ಪಲ್ಲ. ಅವರು ಕೇಳಿದರು, ಸಾಕ್ಷಿ ಇಟ್ಟುಕೊಂಡರು, ದೂರು ಕೊಟ್ಟರು. ನಾನು ಮಾಡಿದ್ದು ಬರೀ ನಗೆ.

ಕಳೆದ ಮಳೆಗಾಲ ನನ್ನ ಮಗನಿಗೆ ಜ್ವರ ಬಂತು. ನದಿಗೆ ನೀರು ಬಿಟ್ಟಿದ್ದರು, ಬೈಕಿನಲ್ಲಿ ಅವನನ್ನು ಮಧ್ಯ ಕೂರಿಸಿಕೊಂಡು ಗಂಗಾವತಿಗೆ ಹೋದೆವು. ಡಾಕ್ಟರ್ ನೋಡಿ ಬರೆದರು. ಸೂಜಿ ಕೋಣೆಯಲ್ಲಿ ಸಾಲು ಬಾಗಿಲಾಚೆ ಹೋಗಿತ್ತು. ನಮ್ಮ ಸರದಿ ಬಂದಾಗ ಮೆಲ್ಲಗೆ ಕೇಳಿದೆ: ‘ಸಿಸ್ಟರ್, ತೂಕ ಎಷ್ಟು ಹಿಡಿದೀರಿ?’

ಅವರು ನನ್ನನ್ನು ಒಂದು ಸಲ ನೋಡಿದರು. ಹಿಂದಿದ್ದವರು ಬೇಗ ಬೇಗ ಎನ್ನುತ್ತಿದ್ದರು. ಚೀಟಿಯಲ್ಲಿ 12 ಕೆಜಿ ಇತ್ತು, ನಾನೇ ಬಾಗಿಲಲ್ಲಿ ಅಂದಾಜಿಗೆ ಹೇಳಿದ ಲೆಕ್ಕ. ಅವರು ಮಗನನ್ನು ತಕ್ಕಡಿ ಮೇಲೆ ನಿಲ್ಲಿಸಿದರು. 10 ಕೆಜಿ 400 ಗ್ರಾಂ. ಚೀಟಿ ಹಿಡಿದುಕೊಂಡು ಡಾಕ್ಟರ್ ಕೋಣೆಗೆ ಹೋದರು. ಬಂದು, ಹಳೆಯ ಅಂಕಿ ಹೊಡೆದು, ಹೊಸದನ್ನು ಬರೆದು ಪಕ್ಕದಲ್ಲಿ ಸಹಿ ಹಾಕಿದರು.

ಫೋನು ಜೇಬಲ್ಲೇ ಇತ್ತು. ಮಗನ ಕೈ ಹಿಡಿದುಕೊಂಡೆ.