ಕಪ್ಪೆಯ ಚಿತ್ರವೂ ಬೀಜಗಣಿತವೂ

ನಾವು ಹಿಂದೊಮ್ಮೆ ಕೊಟ್ಟ ತಪ್ಪು ಬುದ್ಧಿವಾದವೊಂದನ್ನು ಈ ಸಂಚಿಕೆಯಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ.

ಸುಮಾರು 12 ವರ್ಷಗಳ ಕೆಳಗೆ, ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗಿಯೊಬ್ಬಳು ತಾಯಿಯೊಡನೆ ನಮ್ಮಲ್ಲಿಗೆ ಬಂದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಆ ವರ್ಷ ಯಾರೂ ಇರಲಿಲ್ಲ. ಆದರೂ ಜೀವಶಾಸ್ತ್ರವನ್ನು ಬಿಡಲು ಅವಳಿಗೆ ಮನಸ್ಸಿಲ್ಲ. “ಕಪ್ಪೆಯ ಚಿತ್ರ ಬರೆಯುತ್ತ ಕಾಲ ಕಳೆಯಬೇಡ, ಗಣಿತದವರಿಗೆ ಅದರಿಂದೇನು?” ಎಂದುಬಿಟ್ಟೆವು. ಅವಳು ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಷಯವನ್ನು ತೆಗೆದುಕೊಂಡಳು. ಮುಂದೆ ಗಣಿತದಲ್ಲಿ ಎಂ.ಎಸ್ಸಿ. ಆದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಕಳೆದ ವರ್ಷ ಅವಳು ನಮ್ಮನ್ನು ಕಾಣಲು ಬಂದಿದ್ದಳು. ಸೊಳ್ಳೆಯಿಂದ ಹರಡುವ ಜ್ವರಗಳನ್ನು ಗಣಿತದಿಂದ ಅರಿಯುವ ಸಂಶೋಧನೆಯಲ್ಲಿದ್ದಾಳೆ. “ಮಿಸ್, ಮೊದಲ ಆರು ತಿಂಗಳು ಅವರಾಡುವ ಮಾತೇ ನನಗೆ ತಿಳಿಯಲಿಲ್ಲ. ನಾನು ಬರೆದ ಸಮೀಕರಣದಲ್ಲಿ ಸೊಳ್ಳೆಗೆ ಸಾವೇ ಇರಲಿಲ್ಲ. ಸೊಳ್ಳೆ ಹಿಡಿಯುವವರು ನೋಡಿ ನಕ್ಕರು” ಎಂದಳು. ಅವಳೂ ನಕ್ಕಳು; ನಮಗೆ ನಗು ಬರಲಿಲ್ಲ.

ಸೊಳ್ಳೆಯ ಆಯುಷ್ಯಕ್ಕೆ ಅಷ್ಟೇಕೆ ಮಹತ್ವವೆಂದು ಕೇಳಲಾಗಿ ಅವಳು ನಮ್ಮ ಕರಿಹಲಗೆಯ ಮೇಲೆಯೇ ತೋರಿಸಿದಳು. ಮಲೇರಿಯದ ಪರೋಪಜೀವಿಯು ಸೊಳ್ಳೆಯೊಳಗೆ ಬಲಿತು ಇನ್ನೊಬ್ಬರಿಗೆ ದಾಟಲು ಸುಮಾರು 10 ದಿನ ಬೇಕು. ದಿನದಿನವೂ ನೂರಕ್ಕೆ 90ರಂತೆ ಸೊಳ್ಳೆಗಳು ಬದುಕಿದರೆ, ಹತ್ತು ದಿನಗಳ ಅನಂತರ ಮೊದಲಿನ ನೂರರಲ್ಲಿ 35 ಉಳಿಯುವುವು. ನೂರಕ್ಕೆ 80ರಂತಾದರೆ ಉಳಿಯುವುದು 11 ಮಾತ್ರ. ದಿನದ ಸಣ್ಣ ವ್ಯತ್ಯಾಸವು ಹತ್ತು ಸಲ ಗುಣಿತವಾಗಿ ಜ್ವರದ ಬಲವನ್ನೇ ಮುರಿಯುವುದು. ಗುಣಾಕಾರ ಬಲ್ಲವರೆಲ್ಲ ಮಾಡಬಹುದಾದ ಲೆಕ್ಕವಿದು. ಆದರೆ ಆ ಹತ್ತು ದಿನಗಳ ಸಂಗತಿಯನ್ನು ಗಣಿತದ ಪುಸ್ತಕವು ಹೇಳದು. ಸೊಳ್ಳೆಯನ್ನು ಬಲ್ಲವರನ್ನೇ ಕೇಳಬೇಕು.

ಈ ವಿದ್ಯೆಗೂ ನಮ್ಮ ಊರಿಗೂ ಹಳೆಯ ನಂಟುಂಟು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು, ನೀರಿನ ಪೀಪಾಯಿಯನ್ನು ಬರಿದುಮಾಡಿದರೆ ಸೊಳ್ಳೆ ತಗ್ಗುವುದನ್ನು ಇಲ್ಲಿಯೇ ಕಂಡರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡುಹಿಡಿದು 1902ರಲ್ಲಿ ನೊಬೆಲ್ ಬಹುಮಾನ ಪಡೆದರು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನೇ ಕ್ಷೀಣಿಸುವುದೆಂದು ಗಣಿತದಿಂದ ವಾದಿಸಿದವರೂ ಅವರೇ. 1917ರಲ್ಲಿ ಅವರೊಡನೆ ಸಾಂಕ್ರಾಮಿಕ ರೋಗಗಳ ಗಣಿತವನ್ನು ಕುರಿತು ಪ್ರಬಂಧಗಳನ್ನು ಬರೆದಾಕೆ ಹಿಲ್ಡಾ ಹಡ್ಸನ್, ಕೇಂಬ್ರಿಜ್‌ನಲ್ಲಿ ಓದಿದ ರೇಖಾಗಣಿತಜ್ಞೆ. ವಿದ್ಯಾರ್ಥಿ ಕ್ರೈಸ್ತ ಚಳವಳಿಯಲ್ಲಿ ದುಡಿದ ದೈವಭಕ್ತೆ. ಇಷ್ಟು ವರ್ಷ ಪಾಠ ಹೇಳಿಯೂ ಈಕೆಯ ಹೆಸರನ್ನು ನಾವು ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಈಗಿನ ಸಂಗತಿಯೂ ದೂರದ್ದಲ್ಲ. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಹೋದರೆ ಸಿಗುವ ಕೃಷಿ ವಿಶ್ವವಿದ್ಯಾಲಯದ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವುಂಟು. ಅಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಕಲಿತವರು ಜೀವಕೋಶಗಳನ್ನು ಕುರಿತು ಯೋಚಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಿತವನ್ನು ಇತರ ಶಾಸ್ತ್ರಗಳೊಡನೆ ಕೂಡಿಸಿ ಸಂಶೋಧನೆಮಾಡುವ ವಿದ್ಯಾರ್ಥಿಗಳಿಗೆ ಬೇರೆಬೇರೆ ವಿಭಾಗಗಳ ಇಬ್ಬರು ಮಾರ್ಗದರ್ಶಕರಿರುವ ಏರ್ಪಾಡುಂಟು. ಇಬ್ಬರನ್ನೂ ಮೆಚ್ಚಿಸುವುದು ಕಷ್ಟವೇ ಸರಿ. ಎರಡು ಮನೆಗೆ ಒಬ್ಬಳೇ ಸೊಸೆಯಾದಂತೆ! ಆದರೂ ಒಬ್ಬರು ಕಾಣದ ತಪ್ಪನ್ನು ಇನ್ನೊಬ್ಬರು ಕಾಣುವರು.

ಎರಡೂ ವಿಷಯಗಳನ್ನು ಉಳಿಸಿಕೊಳ್ಳಲು ಪಿ.ಯು.ಸಿ.ಯಲ್ಲಿ ಅವಕಾಶವಿದೆ. ಮಗಳಿಗೆ ಎರಡರಲ್ಲಿಯೂ ಆಸೆಯಿದ್ದರೆ, ಪರೀಕ್ಷೆಯ ಅಂಕಗಳಿಗೆ ಅಂಜಿ ಒಂದನ್ನು ಬಿಡಿಸಬೇಡಿರೆಂದು ಪೋಷಕರಲ್ಲಿ ನಮ್ಮ ಬೇಡಿಕೆ.

ಈ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಹಿಂದಣ ಪೀಪಾಯಿಗಳಲ್ಲಿನ ಸೊಳ್ಳೆಮರಿಗಳನ್ನು ವಾರಕ್ಕೊಮ್ಮೆ ಎಣಿಸಿ, ಎಣಿಸಿದ ನೀರನ್ನು ಚೆಲ್ಲಿ, ನಕ್ಷೆ ಬರೆದರು. ಮೂರನೆಯ ವಾರದ ಎಣಿಕೆ ತಪ್ಪಿತ್ತು. ಅದನ್ನು ಕಂಡುಹಿಡಿದವಳು ಲೆಕ್ಕದಲ್ಲಿ ಎಂದೂ ಮುಂದಿಲ್ಲದ ಹುಡುಗಿ. ಆ ನಕ್ಷೆಯನ್ನು ನಮ್ಮ ಕೋಣೆಯ ಗೋಡೆಗೆ ಅಂಟಿಸಿದ್ದೇವೆ.